ನಾಲ್ಕು ವರ್ಷದಿಂದ ಮುಗಿಯದ ಗೇಮ್: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ದಂಪತಿಯ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇವೆ. ನೌಕರಿ ಮಾಡಿಕೊಂಡೇ ಬಿಡುವಿನಲ್ಲಿ ವಿಡಿಯೋ ಗೇಮ್ ಕಟ್ಟುವವರು ಬೆಂಗಳೂರಿನಲ್ಲಿ ಇದ್ದಾರೆ. ಆ ಕೆಲಸದ ಒಳಹೊರಗು ಅವರ ಮನೆಯವರಿಗೆ ಗೊತ್ತಿರುವುದು ಕಡಿಮೆ. ಹಾಗಾಗಿ ಸಲಹೆಯ ಜೊತೆಗೆ ಗೇಮ್ ತಯಾರಿಕೆಯ ವಿವರವನ್ನೂ ಇಲ್ಲಿ ಸೇರಿಸಿದ್ದೇವೆ.

ಬಂದ ಪ್ರಶ್ನೆಗಳು

ಗಂಡನಿಗೆ 34 ವರ್ಷ, ಔಟರ್ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಲೀಡ್. ಹೆಂಡತಿಗೆ 31, ಬ್ಯಾಂಕ್ ನೌಕರಿ. ನಾಲ್ಕು ವರ್ಷದ ಮಗಳಿದ್ದಾಳೆ. ಮನೆ ವಿಜಯನಗರದ ಕಡೆ. ಬೆಳಗ್ಗೆ ಎಂಟೂಕಾಲಿಗೆ ಹೊರಟ ಗಂಡ ಟ್ರಾಫಿಕ್ ದಾಟಿ ವಾಪಸ್ ಬರುವಾಗ ರಾತ್ರಿ ಎಂಟು ಕಳೆದಿರುತ್ತದೆ.

ಮೊದಲು ಬಂದದ್ದು ಹೆಂಡತಿ, ಒಬ್ಬರೇ. "ಇವ್ರಿಗೆ ಗೇಮ್ ಚಟ ಹತ್ಕೊಂಡಿದೆ ಮೇಡಂ, ಹೇಗಾದ್ರೂ ಬಿಡಿಸ್ಬೇಕು" ಎಂದರು. ಮುಂದಿನ ವಾರ ಗಂಡನೂ ಜೊತೆಗೆ ಬಂದರು. ಅವರ ಪ್ರಶ್ನೆ ಬೇರೆಯದೇ ಆಗಿತ್ತು: "ಕೆಲಸ ಬಿಟ್ಟು ಇದನ್ನೇ ಪೂರ್ತಿ ಮಾಡಿದ್ರೆ ಮುಗಿಯುತ್ತೆ ಅನ್ಸುತ್ತೆ. ಎಂಟು ತಿಂಗಳಿಗೆ ಆಗೋಷ್ಟು ದುಡ್ಡಿದೆ. ಬಿಡ್ಲಾ?"

ಒಬ್ಬರಿಗೆ ಗೇಮ್ ಪೂರ್ತಿ ನಿಲ್ಲಬೇಕು, ಇನ್ನೊಬ್ಬರಿಗೆ ಗೇಮ್ ಬಿಟ್ಟು ಉಳಿದದ್ದು ನಿಲ್ಲಬೇಕು. ಈ ಎರಡರಲ್ಲಿ ಒಂದನ್ನು ಆರಿಸುವ ಪಂಚಾಯಿತಿಗೆ ನಾವು ಕೂರಲಿಲ್ಲ. ಈ ಮನೆ ವಾರಕ್ಕೆ ಎಷ್ಟು ಗಂಟೆ ಬಿಟ್ಟುಕೊಡಬಲ್ಲದು, ಅಷ್ಟು ಗಂಟೆಯಲ್ಲಿ ಮುಗಿಯುವ ಗೇಮ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಕಂಡುಕೊಳ್ಳೋಣ ಎಂದೆವು.

ಚಟದ ಮಾತನ್ನು ಮೊದಲು ಬಗೆಹರಿಸಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಇರುವುದು ನಿಜ. ಅದು ಗೇಮ್ ಆಡುವುದರ ಬಗ್ಗೆ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲದಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು, ಸಾಮಾನ್ಯವಾಗಿ ಇವೆಲ್ಲ ಹನ್ನೆರಡು ತಿಂಗಳಷ್ಟು ಕಾಲ ಕಾಣಬೇಕು. ಆ ತೊಂದರೆ ಇದ್ದವರಿಗಾಗಿ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ. ಇವರು ಗೇಮ್ ಆಡುವುದು ತಿಂಗಳಿಗೊಮ್ಮೆಯೂ ಇರಲಿಲ್ಲ. ಇವರು ಗೇಮ್ ಕಟ್ಟುವವರು. ಈ ವ್ಯತ್ಯಾಸ ತಿಳಿದ ಮೇಲೆ ಹೆಂಡತಿ ಮೆತ್ತಗಾದರು. ಹಾಗೆಂದು ಅವರ ದೂರು ಸುಳ್ಳಾಗುವುದಿಲ್ಲ. ರಾತ್ರಿ ಎರಡೂವರೆಯವರೆಗೆ ಎಚ್ಚರವಿದ್ದು ಬೆಳಗ್ಗೆ ಮಗಳ ಮೇಲೆ ರೇಗುವ ಗಂಡ ಆಡುತ್ತಿದ್ದನೋ ಕಟ್ಟುತ್ತಿದ್ದನೋ ಎಂಬುದರಿಂದ ಮನೆಯವರಿಗೆ ಏನೂ ಬದಲಾಗುವುದಿಲ್ಲ.

ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಾಳೆಯಲ್ಲಿ ಗಂಡನಿಗೆ 8 ಅಂಕ ಬಂತು. 5ರಿಂದ 9 ಎಂದರೆ ಸೌಮ್ಯ. 10 ದಾಟಿದ್ದರೆ, ಅಥವಾ ಸಾವಿನ ಯೋಚನೆಯ ಕೊನೆಯ ಪ್ರಶ್ನೆಗೆ ಸೊನ್ನೆಯಲ್ಲದೆ ಬೇರೆ ಉತ್ತರ ಬಂದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆವು. ಅಂಕ ಕೊಟ್ಟ ಸಾಲುಗಳು ಹೆಚ್ಚಾಗಿ ನಿದ್ದೆ, ಸುಸ್ತು, ಗಮನದ ಸಾಲುಗಳೇ ಆಗಿದ್ದವು.

ಒಂದು ವಾರದ ದಾಖಲೆ

ಏನನ್ನೂ ಬದಲಿಸದೆ, ಗೇಮ್‌ಗೆ ಕೂತ ಪ್ರತಿ ಅರ್ಧ ಗಂಟೆಗೆ ಒಂದು ಸಾಲು ಬರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದೆವು. ವಾರದ ಒಟ್ಟು 24 ಗಂಟೆ: ನಾಲ್ಕು ರಾತ್ರಿ ಹನ್ನೊಂದರಿಂದ ಎರಡೂವರೆ, ಶನಿವಾರ ಭಾನುವಾರ ಸೇರಿ ಹತ್ತು ಗಂಟೆ. ಅದರಲ್ಲಿ ಆಡುವವರ ಕಣ್ಣಿಗೆ ಕಾಣುವ ಕೆಲಸ 9 ಗಂಟೆ. ಟ್ಯುಟೋರಿಯಲ್ ನೋಡಿದ್ದು 6. ಈಗಾಗಲೇ ನಡೆಯುತ್ತಿರುವ ಕೋಡನ್ನು ಇನ್ನೂ ಚೆಂದವಾಗಿ ಬರೆದದ್ದು 4. ಅಸೆಟ್ ಅಂಗಡಿಗಳಲ್ಲಿ ಚಿತ್ರ, ಮಾಡೆಲ್ ನೋಡುತ್ತ ಕೂತದ್ದು 3. ಹಿಂದಿನ ರಾತ್ರಿ ಒಂದು ಗಂಟೆಯ ಮೇಲೆ ತಾವೇ ಮಾಡಿದ ತಪ್ಪುಗಳನ್ನು ಮರುದಿನ ತಿದ್ದಿದ್ದು 2.

ಈ ಹಾಳೆಯನ್ನು ನಾವು ವ್ಯಾಖ್ಯಾನಿಸಲಿಲ್ಲ. ಅವರೇ ಹತ್ತು ನಿಮಿಷ ನೋಡಿ, "ಒಂಬತ್ತು ಗಂಟೆ ಕೆಲಸಕ್ಕೆ ನಾನು ನಿದ್ದೆ ಕೆಡಿಸ್ಕೊಂಡಿದ್ದೀನಿ" ಎಂದರು.

ಗೇಮಿನ ಚರಿತ್ರೆಯೂ ಕೇಳಬೇಕಾದದ್ದೇ. ವಿಜಯನಗರ ಕಾಲದ ಒಂದು ಸೀಮೆ, ಹನ್ನೆರಡು ಹಳ್ಳಿ, ಕೆರೆ, ಬೇಸಾಯ, ಸಂತೆ, ಸುಂಕ, ದಂಡು, ಮಳೆಬೆಳೆಯ ಚಕ್ರ, ಇಷ್ಟೂ ಒಂದೇ ಗೇಮಿನಲ್ಲಿ. ಶುರು ಮಾಡಿ ನಾಲ್ಕು ವರ್ಷ. ಸಾಮಾನು ಇಡುವ ಚೀಲದ ವ್ಯವಸ್ಥೆಯನ್ನು ಮೂರು ಸಲ ಹೊಸದಾಗಿ ಬರೆದಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಅವರು ಬಳಸುತ್ತಿದ್ದ ಯೂನಿಟಿ ಇಂಜಿನ್ನಿನವರು (ಇಂಜಿನ್ ಎಂದರೆ ಗೇಮ್ ಕಟ್ಟುವ ತಂತ್ರಾಂಶ) ಇನ್‌ಸ್ಟಾಲ್ ಲೆಕ್ಕದ ಶುಲ್ಕ ಘೋಷಿಸಿದಾಗ ಎಲ್ಲವನ್ನೂ ಗೊಡೊ ಎಂಬ ಉಚಿತ ಇಂಜಿನ್ನಿಗೆ ಸಾಗಿಸಿದರು. ಅದಕ್ಕೆ ಎಂಟು ತಿಂಗಳು ಹೋಯಿತು. ಉಚಿತ ಆವೃತ್ತಿ ಬಳಸುವವರಿಗೆ ಆ ಶುಲ್ಕ ತಾಗಬೇಕಾದರೆ ವರ್ಷಕ್ಕೆ 2 ಲಕ್ಷ ಡಾಲರ್ ಆದಾಯವೂ 2 ಲಕ್ಷ ಇನ್‌ಸ್ಟಾಲೂ ದಾಟಬೇಕಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವೇ ರದ್ದಾಯಿತು. ಬಿಡುವಿನಲ್ಲಿ ಗೇಮ್ ಮಾಡುವವರು ಇಂಜಿನ್ ಬದಲಿಸುವ ಮುಂಚೆ ಆ ಬದಲಾವಣೆ ತಮ್ಮ ಗಾತ್ರದ ಕೆಲಸಕ್ಕೆ ತಾಗುತ್ತದೆಯೇ ಎಂದು ನೋಡಬೇಕು. ಎಂಟು ತಿಂಗಳ ರಾತ್ರಿಗಳು ಇನ್ಯಾವ ಲೆಕ್ಕದಲ್ಲೂ ವಾಪಸ್ ಬರುವುದಿಲ್ಲ.

ಒಂದು ಲಾಭವಂತೂ ಆಯಿತು. ಯೂನಿಟಿಯ ಆಗಿನ ಮಾಮೂಲಿ ಪಠ್ಯ ವ್ಯವಸ್ಥೆಯಲ್ಲಿ ಕನ್ನಡದ ಒತ್ತಕ್ಷರ ಕೂಡಿಕೊಳ್ಳುತ್ತಿರಲಿಲ್ಲ, ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4ರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಇರುವುದರಿಂದ ಒಳ್ಳೆಯ ಕನ್ನಡ ಫಾಂಟ್ ಹಾಕಿದರೆ ಅಕ್ಷರ ಸರಿಯಾಗಿ ಕೂರುತ್ತದೆ; ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಆಮೇಲೂ ಎರಡು ಕಡೆ ಎಡವುತ್ತಾರೆ. ಇಂಗ್ಲಿಷಿಗೆ ಅಳೆದ ಬಟನ್ನಿನಲ್ಲಿ ಒತ್ತಿನ ಕೆಳತುದಿ ಕತ್ತರಿಸಿಹೋಗುತ್ತದೆ, ಆದ್ದರಿಂದ ಸಾಲಿನ ಎತ್ತರ ಹೆಚ್ಚಿಸಬೇಕು. ಮಾತು ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡಿದರೆ 'ಸ್ತ್ರೀ' ಆರು ತುಂಡಾಗಿ ಬರುತ್ತದೆ, ಕಂಪ್ಯೂಟರಿಗೆ ಅದು ಆರು ಸಂಕೇತ. ಅಕ್ಷರ ಜೋಡಣೆ ಮುಗಿದ ಮೇಲೆ ಮರೆಮಾಡುವ ಆಯ್ಕೆ ಗೊಡೊದಲ್ಲೇ ಇದೆ, ಅದನ್ನು ಹಾಕಿಕೊಳ್ಳಬೇಕು.

ಲ್ಯಾಪ್‌ಟಾಪ್ ತೆರೆದ ದಿನ

ಹೆಂಡತಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಗೇಮ್ ನೋಡಿರಲಿಲ್ಲ. ಅವರು ಕೇಳಿರಲಿಲ್ಲ, ಇವರು ತೋರಿಸಿರಲಿಲ್ಲ. ಲ್ಯಾಪ್‌ಟಾಪ್ ತನ್ನಿ ಎಂದೆವು. ತಂದರು. ಶುರು ಮಾಡುವ ಬಟನ್ ಒತ್ತುವ ಮೊದಲು ಇಪ್ಪತ್ತು ನಿಮಿಷ ಮಾತಾಡಿದರು: ಇದು ಇನ್ನೂ ಆಗಿಲ್ಲ, ಆ ಮರಗಳು ತಾತ್ಕಾಲಿಕ, ಬೆಳಕು ಸರಿಯಿಲ್ಲ, ಸಂತೆ ಬಂದ ಮೇಲೆ ಬೇರೆ ಥರ ಕಾಣುತ್ತದೆ. ಈ ಇಪ್ಪತ್ತು ನಿಮಿಷವೇ ನಮಗೆ ಪ್ರಕರಣದ ತಿರುಳು. ಮುಗಿಯದ ಗೇಮನ್ನು ಯಾರೂ ಚೆನ್ನಾಗಿಲ್ಲ ಎನ್ನಲಾರರು. ಹೊಸ ಹಳ್ಳಿ, ಹೊಸ ವ್ಯವಸ್ಥೆ, ಹೊಸ ಇಂಜಿನ್ ಎಲ್ಲವೂ ಆ ಮಾತು ಕೇಳಬೇಕಾದ ದಿನವನ್ನು ಮುಂದೆ ತಳ್ಳುತ್ತಿದ್ದವು. ಸೋಮಾರಿತನದ ಲವಲೇಶವೂ ಇಲ್ಲಿಲ್ಲ. ವಾರಕ್ಕೆ 24 ಗಂಟೆ ದುಡಿಯುವ ಮನುಷ್ಯನನ್ನು ಹಾಗೆ ಕರೆಯುವುದು ಅನ್ಯಾಯ.

ಕೊನೆಗೆ ಹೆಂಡತಿ ಮೌಸ್ ಹಿಡಿದು ಆಡಿದರು. ಸಂತೆ, ದಂಡು, ಸುಂಕ ಯಾವುದೂ ಅವರಿಗೆ ಹತ್ತಲಿಲ್ಲ. ಒಂದು ಮೂಲೆಯಲ್ಲಿ ಕೆರೆ ಇತ್ತು. ತೂಬು ಎತ್ತಿದರೆ ಕಾಲುವೆಯಲ್ಲಿ ನೀರು ಹರಿದು ಒಂದೊಂದೇ ಗದ್ದೆ ಬಣ್ಣ ಬದಲಾಗುತ್ತಿತ್ತು. ಅವರ ತವರು ಕೋಲಾರದ ಕಡೆಯ ಕೆರೆ ಇರುವ ಊರು. "ರೀ, ಕೊನೇ ಗದ್ದೆಗೆ ನೀರೇ ಮುಟ್ತಿಲ್ವಲ್ಲ. ನಮ್ಮೂರಲ್ಲಾಗಿದ್ರೆ ಅವ್ರು ನೀರಗಂಟಿ ಮನೆ ಮುಂದೆ ಬಂದು ನಿಂತಿರೋರು" ಎಂದರು. ನೀರಗಂಟಿ ಎಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು. ತೂಬನ್ನು ಇನ್ನಷ್ಟು ಎತ್ತಿದರು, ಮೇಲಿನ ಗದ್ದೆಗಳು ಮುಳುಗಿದವು, ಮತ್ತೆ ಇಳಿಸಿದರು. ಆ ಒಂದು ಮೂಲೆಯಲ್ಲಿ ಕಾಲು ಗಂಟೆ ಕಳೆದರು.

ಕತ್ತರಿ

ಉಳಿದ ಕೆಲಸವನ್ನೆಲ್ಲ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಗಂಟೆ ಬರೆಯಿರಿ ಎಂದಾಗ 1,450 ಗಂಟೆ ಬಂತು. ಅದನ್ನು ಎರಡರಿಂದ ಗುಣಿಸಲು ಹೇಳಿದೆವು; ಅಂದಾಜು ಹಾಕುವಾಗ ಟೆಸ್ಟಿಂಗ್, ಮೆನು, ಸೆಟ್ಟಿಂಗ್ಸ್, ಸೇವ್ ಫೈಲ್, ಧ್ವನಿ ಹೊಂದಿಸುವುದು ಯಾರ ನೆನಪಿಗೂ ಬರುವುದಿಲ್ಲ. 2,900. ನಿದ್ದೆ ಕೆಡದೆ, ಮನೆ ಒಪ್ಪುವ ಹಾಗೆ ಸಿಗುವುದು ವಾರಕ್ಕೆ 7 ಗಂಟೆ. ಹಬ್ಬ, ಮಗುವಿನ ಜ್ವರ, ಆಫೀಸಿನ ರಿಲೀಸ್ ವಾರಗಳನ್ನು ಕಳೆದು ವರ್ಷಕ್ಕೆ 44 ವಾರ. 308 ಗಂಟೆ. ಅಂದರೆ ಒಂಬತ್ತು ವರ್ಷಕ್ಕೂ ಮೇಲೆ. ಕೆಲಸ ಬಿಟ್ಟು ವಾರಕ್ಕೆ 45 ಗಂಟೆ ಕೂತರೂ ಅರವತ್ತೈದು ವಾರ ಬೇಕು. ಕೈಯಲ್ಲಿರುವ ಎಂಟು ತಿಂಗಳ ದುಡ್ಡಿಗೆ ಮೂವತ್ತೈದು ವಾರವೂ ತುಂಬುವುದಿಲ್ಲ. ರಾಜೀನಾಮೆಯ ಮಾತು ಅಲ್ಲಿಗೆ ನಿಂತಿತು.

ವರ್ಷಕ್ಕೆ 308 ಗಂಟೆ ಎಂದರೆ, ಅದೇ ಎರಡರಿಂದ ಭಾಗಿಸಿ, ಅಂದಾಜಿನಲ್ಲಿ 150 ಗಂಟೆಯ ಗೇಮ್. ಅವರೇ ಆರಿಸಿಕೊಂಡದ್ದು ಆ ಮೂಲೆಯ ಕೆರೆ: ಒಂದು ಏರಿ, ಒಂದು ತೂಬು, ಒಂಬತ್ತು ಗದ್ದೆ, ಆಡುವವರು ನೀರಗಂಟಿ, ಒಂದು ಬೆಳೆಯ ಕಾಲ ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಮಳೆ ಹೆಚ್ಚಾದರೆ ಕೋಡಿ ಬೀಳುತ್ತದೆ, ಕಡಿಮೆಯಾದರೆ ಕೊನೆಯ ಗದ್ದೆಯವರು ಬರುತ್ತಾರೆ. ದಂಡು, ಸುಂಕ, ಸಂತೆ, ಹನ್ನೊಂದು ಹಳ್ಳಿ ಹೊರಗೆ. ಹಳೆಯ ಫೋಲ್ಡರ್ ಅಳಿಸಬೇಡಿ, ಹೆಸರಿಗೆ ದಿನಾಂಕ ಸೇರಿಸಿ ಬೇರೆ ಡಿಸ್ಕ್‌ಗೆ ಹಾಕಿ ಎಂದೆವು. ನಾಲ್ಕು ವರ್ಷದ ಕೆಲಸವನ್ನು ಬದಿಗಿಡುವುದು ನಷ್ಟವೇ. ಅದಕ್ಕೆ ದುಃಖಪಡಲು ಒಂದು ಪೂರ್ತಿ ಭೇಟಿಯನ್ನು ಬಿಟ್ಟೆವು. ಅವಸರ ಮಾಡಿದ್ದರೆ ಮೂರೇ ತಿಂಗಳಲ್ಲಿ ಸಂತೆಯೂ ಸುಂಕವೂ ವಾಪಸ್ ಬರುತ್ತಿದ್ದವು.

ಕೆಲಸದ ಕ್ರಮಕ್ಕೂ ಕೆಲವು ಕಟ್ಟು ಹಾಕಿಕೊಂಡರು. ಮೊದಲ 40 ಗಂಟೆ ಚಿತ್ರವೇ ಇಲ್ಲ, ಬೂದು ಚೌಕಗಳಲ್ಲೇ ಆಟ ಹಿಡಿಸಬೇಕು. ಚೌಕಗಳಲ್ಲಿ ಬೇಸರ ತರಿಸುವ ಆಟವನ್ನು ಚಿತ್ರ ಉಳಿಸುವುದಿಲ್ಲ, ಚಿತ್ರ ಬರೆದ ಮೇಲೆ ಅದನ್ನು ಕತ್ತರಿಸಲು ಕೈಯೂ ಬರುವುದಿಲ್ಲ. ಇದುವರೆಗೆ ಎಲ್ಲವೂ ಒಂದೇ ಹಾರ್ಡ್ ಡಿಸ್ಕ್‌ನಲ್ಲಿತ್ತು. ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿಟ್ಟು ಪ್ರತಿ ಸಲ ಏಳುವ ಮುಂಚೆ ಹೊರಗಿನ ಸರ್ವರ್‌ಗೆ ಕಳಿಸುವುದು ಕಡ್ಡಾಯವಾಯಿತು. ಶನಿವಾರಕ್ಕೊಮ್ಮೆ ಬೇರೆಯವರ ಕಂಪ್ಯೂಟರಿನಲ್ಲಿ ತೆರೆಯುವಂತಹ ಬಿಲ್ಡ್, ಅಂದರೆ ಆಡಲು ಸಿದ್ಧವಾದ ಪ್ರತಿ, ತೆಗೆಯಬೇಕು. ಹೀಗೆ ಎಕ್ಸ್‌ಪೋರ್ಟ್ ಮಾಡಿದಾಗ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸಕ್ಕೇ ಚಿತ್ರಗಳು ಕಾಣದೆ ಹೋಗುವುದುಂಟು. ವಿಂಡೋಸ್‌ನಲ್ಲಿ ಅದು ಎಡಿಟರ್ ಒಳಗೆ ಕಣ್ಣಿಗೆ ಬೀಳುವುದಿಲ್ಲ. ವಾರವಾರ ತೆಗೆದರೆ ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹತ್ತು ನಿಮಿಷದಲ್ಲಿ ಸಿಗುತ್ತದೆ, ಆರು ತಿಂಗಳಿಗೊಮ್ಮೆ ತೆಗೆದರೆ ಒಂದು ವಾರವೇ ಹೋಗುತ್ತದೆ.

ಪರೀಕ್ಷೆಗೆ ಐದು ಜನ ಸಾಕು. ಹಿಂದೆ ಕುಳಿತು ಬಾಯಿ ಮುಚ್ಚಿಕೊಂಡು ನೋಡಬೇಕು, ವಿವರಿಸಬಾರದು, ಕ್ಷಮೆ ಕೇಳಬಾರದು. ಕೈ ಎಲ್ಲಿ ನಿಂತಿತು, ಏನನ್ನು ಎರಡು ಸಲ ಒತ್ತಿದರು, ಯಾವಾಗ ಫೋನ್ ಕಡೆ ನೋಡಿದರು ಎಂದು ಸಮಯದ ಜೊತೆ ಬರೆದುಕೊಳ್ಳಬೇಕು. ಚೆನ್ನಾಗಿದೆಯಾ ಎಂದು ಕೇಳಿದರೆ ನಮ್ಮ ಜನ ಮುಖ ನೋಡಿ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಇವರಿಗೆ ಈ ಮೌನ ಔಷಧಿಯೂ ಆಗಿತ್ತು: ಬೇರೆಯವರ ಕಣ್ಣಿಗೆ ಬೀಳುವ ಭಯಕ್ಕೆ ಸಣ್ಣ ಪ್ರಮಾಣದಲ್ಲಿ, ಮತ್ತೆ ಮತ್ತೆ ಒಡ್ಡಿಕೊಳ್ಳುವುದೇ ಚಿಕಿತ್ಸೆ. ಹೆಂಡತಿಯನ್ನು ಮಾತ್ರ ಕಾಯಂ ಟೆಸ್ಟರ್ ಮಾಡಿಕೊಳ್ಳಬೇಡಿ ಎಂದು ಖಡಾಖಂಡಿತ ಹೇಳಿದೆವು. ಅವರಿಗೆ ಬೇಕೆನಿಸಿದಾಗ ಆಡಲಿ. ಮನೆಯವರ ಅಭಿಪ್ರಾಯ ಗಂಡ ಹೆಂಡಿರ ಹಳೆಯ ಬಾಕಿಗಳನ್ನೆಲ್ಲ ಹೊತ್ತು ಬರುತ್ತದೆ.

ನಿದ್ದೆ, ಸಮಯ, ದುಡ್ಡು

ರಾತ್ರಿ ಹನ್ನೊಂದರ ಮೇಲೆ ಗೇಮ್ ಇಲ್ಲ. ಮಂಗಳವಾರ, ಗುರುವಾರ ಬೆಳಗ್ಗೆ ಐದೂವರೆಯಿಂದ ಏಳು, ಶನಿವಾರ ಆರರಿಂದ ಹತ್ತು, ಒಟ್ಟು ಏಳು ಗಂಟೆ. ರಾತ್ರಿಯ ಕೆಲಸ ಕೆಡುವುದು ಬಗ್‌ನಿಂದ, ಅಂದರೆ ಕೋಡಿನ ತಪ್ಪಿನಿಂದ. ಸಿಗದ ಬಗ್ಗನ್ನು ಅರ್ಧಕ್ಕೆ ಬಿಟ್ಟು ಮಲಗಿದರೆ ತಲೆ ಅದನ್ನೇ ತಿರುಗಿಸುತ್ತಿರುತ್ತದೆ, ಹಿಡಿದೇ ಏಳುತ್ತೇನೆಂದು ಕೂತರೆ ಎರಡೂವರೆಯಾಗುತ್ತದೆ. ಬೆಳಗಿನ ಹೊತ್ತಿಗೆ ಆಫೀಸೇ ಗಡುವು ಹಾಕುತ್ತದೆ. ಕೊನೆಯ ಹತ್ತು ನಿಮಿಷ ಕೋಡ್ ಮುಟ್ಟದೆ, ಮುಂದಿನ ಸಲ ಯಾವ ಫೈಲ್ ತೆರೆದು ಏನು ಮಾಡಬೇಕೆಂದು ಎರಡು ಸಾಲು ಬರೆದಿಡುವುದು. ವಾರಕ್ಕೆ ಏಳೇ ಗಂಟೆ ಇರುವವರು ಎಲ್ಲಿಗೆ ಬಿಟ್ಟಿದ್ದೆ ಎಂದು ನೆನಪಿಸಿಕೊಳ್ಳಲು ಅರ್ಧ ಗಂಟೆ ಕಳೆಯುವಂತಿಲ್ಲ.

ಇದಕ್ಕೆ ಸರಿಸಮನಾಗಿ ಹೆಂಡತಿಗೂ ವಾರಕ್ಕೆ ಏಳು ಗಂಟೆ, ಪ್ರಶ್ನೆಯಿಲ್ಲದೆ. ಭಾನುವಾರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮಗಳು, ತಿಂಡಿ, ಅಡುಗೆ ಗಂಡನದು. ಈ ಭಾಗವನ್ನು ಬಿಟ್ಟು ಬರೀ ಗಂಡನ ವೇಳಾಪಟ್ಟಿ ಮಾಡಿಕೊಟ್ಟಿದ್ದರೆ ಅದು ಆಪ್ತಸಲಹೆಯೇ ಆಗುತ್ತಿರಲಿಲ್ಲ.

ದುಡ್ಡಿನ ವಿಷಯ ಗಂಟೆಗಳಿಗಿಂತ ಆಳವಾಗಿ ಚುಚ್ಚಿತ್ತು. 52,000 ರೂಪಾಯಿಯ ಗ್ರಾಫಿಕ್ಸ್ ಕಾರ್ಡನ್ನು ಗಂಡ ಹೇಳದೆ ಇಎಂಐನಲ್ಲಿ ತಂದಿದ್ದರು. ಹೆಂಡತಿಗೆ ತಿಳಿದದ್ದು ಫೋನಿಗೆ ಬಂದ ಎಸ್‌ಎಂಎಸ್‌ನಿಂದ. ಇನ್ನು ಮುಂದೆ ತಿಂಗಳಿಗೆ 1,500 ರೂಪಾಯಿ, ಇಬ್ಬರಿಗೂ ಕಾಣುವ ಖಾತೆಯಿಂದ ಎಂದು ಒಪ್ಪಿಕೊಂಡರು. ಗೊಡೊ, ಮಾಡೆಲ್ ಮಾಡುವ ಬ್ಲೆಂಡರ್, ಚಿತ್ರ ಬರೆಯುವ ಕ್ರಿಟಾ, ಧ್ವನಿ ತಿದ್ದುವ ಆಡಾಸಿಟಿ ಎಲ್ಲವೂ ಉಚಿತ, ಒಂಬತ್ತು ಗದ್ದೆಯ ಗೇಮಿಗೆ ಹಳೆಯ ಲ್ಯಾಪ್‌ಟಾಪೇ ಸಾಕು.

ಗಳಿಕೆಯ ಆಸೆಯನ್ನೂ ಕಾಗದದ ಮೇಲೆ ಇಟ್ಟು ನೋಡಿದೆವು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಗೇಮಿಗೆ 100 ಡಾಲರ್ ಕಟ್ಟಬೇಕು. 1,000 ಡಾಲರ್ ವ್ಯಾಪಾರ ದಾಟಿದರೆ ಅದು ವಾಪಸ್. ಮೊದಲ ಸಲದವರು ಶುಲ್ಕ ಕಟ್ಟಿ 30 ದಿನ ಕಾಯಬೇಕು, 'ಶೀಘ್ರದಲ್ಲಿ' ಎಂಬ ಪುಟ ಕನಿಷ್ಠ ಎರಡು ವಾರ ಎಲ್ಲರಿಗೂ ಕಾಣುವಂತೆ ಇರಬೇಕು. 300 ರೂಪಾಯಿಯಂತೆ ಇಲ್ಲೇ 500 ಪ್ರತಿ ಹೋಯಿತೆನ್ನಿ: 1,50,000. ಅದರೊಳಗಿನ ಶೇ. 18 ಜಿಎಸ್‌ಟಿ ತೆಗೆದರೆ ಸುಮಾರು 1,27,000, ಸ್ಟೀಮ್‌ನ ಪಾಲು ಶೇ. 30 ಕಳೆದರೆ ಸುಮಾರು 89,000. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರು ದುಡ್ಡು ವಾಪಸ್ ಕೇಳಬಹುದು. ಹದಿನೈದು ನಿಮಿಷದ ಗೇಮಿಗೆ ಇದು ಸಣ್ಣ ಮಾತಲ್ಲ. ಅಮೆರಿಕದ ತೆರಿಗೆಗೆ ಡಬ್ಲ್ಯೂ-8ಬೆನ್ ಅರ್ಜಿಯಲ್ಲಿ ಪ್ಯಾನ್ ಸಂಖ್ಯೆ ಹಾಕಿದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ ದರ ಸಿಗುತ್ತದೆ, ಹೊರಗಿನಿಂದ ಬಂದ ಹಣಕ್ಕೆ ಬ್ಯಾಂಕ್ ಪರ್ಪಸ್ ಕೋಡ್ (ಹಣ ಯಾವುದಕ್ಕೆ ಬಂತು ಎಂದು ತಿಳಿಸುವ ಸಂಕೇತ) ಕೇಳುತ್ತದೆ. ಇವೆರಡಕ್ಕೂ ಒಬ್ಬ ಸಿಎ ಬೇಕು. ಈ ಲೆಕ್ಕದ ಮುಂದೆ ತಿಂಗಳ 38,000ದ ಮನೆ ಸಾಲದ ಕಂತನ್ನು ಬರೆದೆವು.

ಒಬ್ಬರೇ ಗೇಮ್ ಮಾಡಿ ಗೆದ್ದ ಎರಿಕ್ ಬರೋನ್ ಅವರ ಹೆಸರನ್ನು ಗಂಡ ತಂದರು. ಅವರ 'ಸ್ಟಾರ್‌ಡ್ಯೂ ವ್ಯಾಲಿ' 2016ರಲ್ಲಿ ಬಂತು, ನಾಲ್ಕೂವರೆ ವರ್ಷದ ಒಂಟಿ ದುಡಿಮೆ. ಆ ಅವಧಿಯಲ್ಲಿ ಅವರು ರಂಗಮಂದಿರದಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು, ಮನೆಯ ಖರ್ಚಿಗೆ ಸಂಗಾತಿಯ ದುಡಿಮೆಯೂ ಇತ್ತು ಎಂಬುದನ್ನು ಸೇರಿಸಿ ಹೇಳಿದೆವು. ಇವರ ಹೆಂಡತಿ ಅಂತಹ ಭಾರಕ್ಕೆ ಒಪ್ಪಿರಲಿಲ್ಲ. ಒಪ್ಪದಿರುವುದು ಅವರ ಹಕ್ಕು.

ನೌಕರಿಯ ಕಾಗದವನ್ನೂ ಓದಿಸಿದೆವು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ ಮಾಲೀಕರದು. ಕಂಪನಿಯ ಕರಾರು ಅದಕ್ಕಿಂತ ಅಗಲವಾಗಿ ಬರೆದಿರಬಹುದು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲೂ ಬೇಡ, ಆಫೀಸ್ ವೇಳೆಯಲ್ಲಂತೂ ಬೇಡವೇ ಬೇಡ. ಮಾರುವ ಮುನ್ನ ಎಚ್‌ಆರ್‌ಗೆ ಇಮೇಲ್‌ನಲ್ಲಿ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಕಾರಿಡಾರಿನಲ್ಲಿ ಮ್ಯಾನೇಜರ್ "ಮಾಡಿ ಪರ್ವಾಗಿಲ್ಲ" ಎಂದದ್ದು ಲೆಕ್ಕಕ್ಕಿಲ್ಲ.

ಈಗಿನ ಸ್ಥಿತಿ

ಐದು ತಿಂಗಳಾದ ಮೇಲೆ ಪಿಎಚ್‌ಕ್ಯೂ-9 ಅಂಕ 3ಕ್ಕೆ ಇಳಿದಿದೆ, ನಿದ್ದೆ ಸರಾಸರಿ ಆರೂಮುಕ್ಕಾಲು ಗಂಟೆ. ಬೂದು ಚೌಕಗಳ ಕೆರೆಯನ್ನು ಐದು ಜನ ಆಡಿದ್ದಾರೆ. ತೂಬನ್ನು ಎಳೆಯಬೇಕೋ ಒತ್ತಬೇಕೋ ಎಂದು ಐವರಲ್ಲಿ ನಾಲ್ವರಿಗೆ ತಿಳಿಯಲಿಲ್ಲ. ಈಗ ಅದರ ಪಕ್ಕದಲ್ಲಿ ಮೇಲೆ ಕೆಳಗೆ ಬಾಣದ ಗುರುತಿದೆ. ಮೊದಲ ಆವೃತ್ತಿಯನ್ನು ಗೇಮ್ ಹಂಚುವ ತಾಣ ಇಚ್.ಐಓದಲ್ಲಿ ಉಚಿತವಾಗಿ ಹಾಕುವುದು, ಸ್ಟೀಮ್‌ನ 100 ಡಾಲರ್ ಬಗ್ಗೆ ಆಮೇಲೆ ಕೂತು ಮಾತಾಡುವುದು ಎಂದು ಇಬ್ಬರೂ ಸೇರಿ ನಿರ್ಧರಿಸಿದ್ದಾರೆ.

ಎಲ್ಲವೂ ಸರಿಹೋಗಿಲ್ಲ. ಆಫೀಸಿನ ರಿಲೀಸ್ ವಾರಗಳಲ್ಲಿ ಎರಡು ಸಲ ರಾತ್ರಿ ಒಂದರವರೆಗೆ ಕೂತಿದ್ದಾರೆ. ಗ್ರಾಫಿಕ್ಸ್ ಕಾರ್ಡಿನ ಕಂತು ಇನ್ನೂ ನಡೆಯುತ್ತಿದೆ, ಅದರ ಮಾತು ಬಂದಾಗ ಹೆಂಡತಿಯ ಮುಖ ಈಗಲೂ ಬಿಗಿಯುತ್ತದೆ. ಮುಂದಿನ ಭೇಟಿ ಮೂರು ತಿಂಗಳಿಗೆ. ವಾರಕ್ಕೆ ಮೂರು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆಯಾದರೆ, ಹೇಳದೆ ಖರ್ಚು ಮಾಡಿದರೆ, ಪಟ್ಟಿಗೆ ಹೊಸ ಹಳ್ಳಿ ಸೇರಿದರೆ, ಅಥವಾ ಗೇಮ್ ತೆರೆಯಲೂ ಮನಸ್ಸಾಗದೆ ಎರಡು ವಾರ ಕಳೆದರೆ ಅದಕ್ಕೆ ಮೊದಲೇ ಬರಬೇಕೆಂದು ಬರೆದುಕೊಟ್ಟಿದ್ದೇವೆ. ನಡುರಾತ್ರಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಎಂಬುದನ್ನೂ ಆ ಹಾಳೆಯಲ್ಲಿ ಸೇರಿಸಿದ್ದೇವೆ.